ಒಡೆಯದೆ ಬದಲಿಸಲಾಗದ್ದನ್ನು ಮೊದಲು ಆರಿಸಿ: ಸ್ವಂತ ಮನೆಯ ನಲ್ಲಿ, ನೆಲ, ಹಿಡಿಕೆ, ಬಣ್ಣ

ಗೋಡೆ ಎದ್ದು ತಾರಸಿ ಮುಗಿಯುವವರೆಗೆ ಮನೆ ಕಟ್ಟಿಸುವವರ ತಲೆಯಲ್ಲಿ ಸಿಮೆಂಟು, ಕಬ್ಬಿಣ, ಮರಳು ಎಂದು ನಾಲ್ಕೈದು ವಸ್ತುಗಳಷ್ಟೇ ಇರುತ್ತವೆ. ಅಲ್ಲಿಂದಾಚೆ ನಲ್ಲಿ, ಟೈಲ್ಸ್, ಕೀಲು, ಚಿಲಕ, ಸ್ವಿಚ್ಚು, ಬಣ್ಣ ಎಲ್ಲ ಒಟ್ಟಿಗೆ ಮುಗಿಬೀಳುತ್ತವೆ. ಒಂದೊಂದರಲ್ಲೂ ನೂರಾರು ಬಗೆ. ಒಂದೊಂದಕ್ಕೂ ‘ನಾಳೆಯೊಳಗೆ ಹೇಳಿಬಿಡಿ’ ಎಂಬ ಅವಸರ.

ನಮ್ಮ ಮನೆಗೆ ಇವನ್ನೆಲ್ಲ ಆರಿಸುವ ಹೊಣೆ ನನ್ನದಾಗಿತ್ತು. ನಾನು ಹಿಡಿದ ನಿಯಮ ಒಂದೇ. ಯಾವುದನ್ನು ಬದಲಿಸಲು ಗೋಡೆಯನ್ನೋ ನೆಲವನ್ನೋ ಒಡೆಯಬೇಕಾಗುತ್ತದೆಯೋ ಅದನ್ನು ಮೊದಲು ಆರಿಸಬೇಕು, ಹಣವನ್ನೂ ಮೊದಲು ಅದಕ್ಕೇ ಎತ್ತಿಡಬೇಕು. ಸ್ಕ್ರೂ ಬಿಚ್ಚಿ ಬದಲಿಸಬಹುದಾದದ್ದು ಕೊನೆಗಿರಲಿ. ಗೋಡೆಯೊಳಗಿನ ವಾಲ್ವ್, ನೆಲದಡಿಯ ಪೈಪು, ಬಚ್ಚಲಿನ ವಾಟರ್‌ಪ್ರೂಫಿಂಗ್ ಮೊದಲ ಸಾಲಿನವು. ತೂಗುದೀಪ, ಕಪಾಟಿನ ಹಿಡಿಕೆ, ಗೋಡೆಯ ಬಣ್ಣ ಕೊನೆಯ ಸಾಲಿನವು. ಅಂಗಡಿಯಲ್ಲಿ ಮಾತ್ರ ಕಣ್ಣು ಸೆಳೆಯುವುದು ಕೊನೆಯ ಸಾಲಿನವೇ. ಹಾಗಾಗಿ ಈ ಕ್ರಮವನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಅಂಗಡಿಗೆ ಹೋಗಿ.

ನೆಲದ ದಪ್ಪ ಗೊತ್ತಾಗದೆ ಏನೂ ತೀರ್ಮಾನವಾಗದು

ಪ್ಲಾಸ್ಟರಿಂಗ್ ಶುರುವಾಗುವ ಮೊದಲೇ ಮೇಸ್ತ್ರಿಯಿಂದ ಒಂದು ಕೆಲಸ ಮಾಡಿಸಿಕೊಳ್ಳಿ. ಮನೆ ಪೂರ್ತಿ ಮುಗಿದಾಗ ನೆಲದ ಮಟ್ಟ ಎಲ್ಲಿಗೆ ಬರುತ್ತದೋ ಅಲ್ಲಿಂದ ಸರಿಯಾಗಿ 1 ಮೀಟರ್ ಮೇಲೆ, ಎಲ್ಲ ಕೋಣೆಗಳ ಗೋಡೆಗೂ ಒಂದೇ ಮಟ್ಟದ ಗೆರೆ ಎಳೆಸಿ. ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು, ಲೇಸರ್ ಇದ್ದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಬಾಗಿಲ ಚೌಕಟ್ಟು, ಸ್ವಿಚ್ ಬಾಕ್ಸು, ನಲ್ಲಿಯ ಪೈಪು, ಅಡುಗೆಕಟ್ಟೆ ಎಲ್ಲದರ ಅಳತೆಯೂ ಈ ಗೆರೆಯಿಂದಲೇ ಶುರುವಾಗಬೇಕು.

ಆದರೆ ಆ ಗೆರೆ ಎಳೆಯಬೇಕಾದರೆ ನೆಲಕ್ಕೆ ಏನು ಹಾಸುತ್ತೀರಿ ಎಂಬುದು ಗೊತ್ತಿರಬೇಕು. ವಿಟ್ರಿಫೈಡ್ ಟೈಲ್ ಸಾಮಾನ್ಯವಾಗಿ 9–10 ಮಿಲಿಮೀಟರ್ ದಪ್ಪ, ಅದರಡಿಯ ಅಂಟು 3–6 ಮಿಲಿಮೀಟರ್. ಗ್ರಾನೈಟಾದರೆ ಕಲ್ಲೇ 18–20 ಮಿಲಿಮೀಟರ್ ಇರುತ್ತದೆ. ಇವುಗಳಡಿಗೆ ಸಿಮೆಂಟ್ ಹಾಸು ಬೇರೆ. ಒಂದು ಕೋಣೆಗೆ ಮರದ ಹಲಗೆ, ಪಕ್ಕದ್ದಕ್ಕೆ ಕಲ್ಲು ಎಂದು ಯೋಚಿಸಿದ್ದರೆ ಅಡಿಯ ಹಾಸನ್ನು ಅದಕ್ಕೆ ತಕ್ಕಂತೆ ಏರಿಳಿಸಿ ಹಾಕಿಸಬೇಕು. ಇಲ್ಲದಿದ್ದರೆ ಆ ವ್ಯತ್ಯಾಸ ಬಾಗಿಲ ಬಳಿ ಎಡವುವ ಮೆಟ್ಟಿಲಾಗಿ ಉಳಿಯುತ್ತದೆ. ಎಲ್ಲರೂ ಕೊನೆಗೆ ನೋಡಿಕೊಳ್ಳೋಣ ಎನ್ನುವ ನೆಲದ ಆಯ್ಕೆಯನ್ನು ನಾನು ಎಲ್ಲಕ್ಕಿಂತ ಮೊದಲು ಮುಗಿಸಿದ್ದು ಇದೇ ಕಾರಣಕ್ಕೆ. ಬಣ್ಣ ಆಮೇಲೆ ಬದಲಾದರೂ ಪರವಾಗಿಲ್ಲ, ದಪ್ಪ ಮತ್ತು ಅಳತೆ ಮಾತ್ರ ಅಂದೇ ಖಚಿತವಾಗಬೇಕು.

ಬಚ್ಚಲು: ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ

ಮನೆಯಲ್ಲಿ ತೀರಾ ಚಿಕ್ಕ ಕೋಣೆ ಇದು, ಅತಿ ಹೆಚ್ಚು ತೀರ್ಮಾನ ಬೇಡುವುದೂ ಇದೇ. ಬಿಸಿನೀರು ತಣ್ಣೀರು ಬೆರೆಸುವ ಗೋಡೆಯೊಳಗಿನ ಡೈವರ್ಟರ್ ಹಾಕಿಸುವುದಾದರೆ, ಆ ಪೆಟ್ಟಿಗೆಯ ಮೇಲೆ ಕನಿಷ್ಠ ಆಳ, ಗರಿಷ್ಠ ಆಳ ಎಂದು ಎರಡು ಗುರುತುಗಳಿರುತ್ತವೆ. ಪ್ಲಾಸ್ಟರ್, ಅಂಟು, ಟೈಲ್ ಎಲ್ಲ ಸೇರಿ ಮುಗಿದ ಗೋಡೆಯ ಮೈ ಈ ಎರಡರ ನಡುವೆಯೇ ಬರಬೇಕು. ಆಳ ಹೆಚ್ಚಾದರೆ ಹಿಡಿಕೆ ಕೂರುವುದಿಲ್ಲ, ಕಡಿಮೆಯಾದರೆ ಮುಚ್ಚುವ ತಟ್ಟೆ ಗೋಡೆಗೆ ತಾಗದೆ ಎದ್ದು ನಿಲ್ಲುತ್ತದೆ. ಹಾಗಾಗಿ ಪ್ಲಂಬರ್ ಗೋಡೆ ಕೊರೆಯುವ ದಿನ ನಿಮ್ಮ ಟೈಲಿನ ಒಂದು ತುಂಡು ಅವರ ಕೈಯಲ್ಲಿರಲಿ.

ಕಮೋಡಿನ ವಿಷಯವೂ ಹೀಗೆಯೇ. ನೆಲಕ್ಕೆ ಹೊರಬೀಳುವ ಬಗೆಯದಾದರೆ ಗೋಡೆಯಿಂದ ಪೈಪಿನ ನಡುಬಿಂದುವಿಗೆ ಎಷ್ಟು ದೂರ ಎಂದು ತಯಾರಕರು ಕೊಟ್ಟಿರುತ್ತಾರೆ. ಹಲವು ಮಾದರಿಗಳಲ್ಲಿ ಅದು 300 ಮಿಲಿಮೀಟರ್, ಕೆಲವದರಲ್ಲಿ ಬೇರೆ. ಆ ದೂರ ಟೈಲ್ ಅಂಟಿಸಿದ ಗೋಡೆಯಿಂದ, ಬರಿ ಇಟ್ಟಿಗೆಯಿಂದಲ್ಲ. ಮೊದಲು ಮಾದರಿ ಆರಿಸಿ, ಆಮೇಲೆ ಪೈಪು ಇಡಿಸಿ.

ಕಟ್ಟೆಯ ಮೇಲೆ ಬಟ್ಟಲಿನಂತೆ ಕೂರುವ ಬೇಸಿನ್ ಈಗ ಬಹಳ ಜನರಿಗೆ ಇಷ್ಟ. ಅದರ ಎತ್ತರವೇ 12–15 ಸೆಂಟಿಮೀಟರ್ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಕಟ್ಟೆಯನ್ನು ಮಾಮೂಲಿ 85 ಸೆಂಟಿಮೀಟರಿಗೆ ಕಟ್ಟಿ ಅದರ ಮೇಲೆ ಈ ಬಟ್ಟಲು ಇಟ್ಟರೆ ಅಂಚು 1 ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಮಕ್ಕಳಿಗೆ ಎಟುಕದು, ದೊಡ್ಡವರು ಮುಖ ತೊಳೆದರೆ ನೀರು ಮೊಣಕೈಗೆ ಇಳಿಯುತ್ತದೆ. ಅಳೆಯಬೇಕಾದದ್ದು ಬೇಸಿನ್ನಿನ ಅಂಚನ್ನು, ಕಟ್ಟೆ ಅದಕ್ಕೆ ತಕ್ಕಂತೆ ಕೆಳಗಿಳಿಯಲಿ. ನಲ್ಲಿಯ ಮೂತಿಯಿಂದ ಬೀಳುವ ನೀರು ಬಟ್ಟಲಿನ ಇಳಿಜಾರಿಗೆ ಬಿದ್ದರೆ ಬಟ್ಟೆಯ ಮೇಲೆ ಸಿಡಿಯುತ್ತದೆ. ನಲ್ಲಿ ಮತ್ತು ಬೇಸಿನ್ ಎರಡನ್ನೂ ಜೊತೆಗಿಟ್ಟು ನೋಡದೆ ಒಂದನ್ನೇ ಕೊಳ್ಳಬೇಡಿ.

ಛಾವಣಿಯಿಂದ ಮಳೆಯಂತೆ ಸುರಿಯುವ ಅಗಲವಾದ ಶವರ್ ಬೇಕೆನ್ನುವವರು ಒತ್ತಡದ ಲೆಕ್ಕ ಮಾಡಲೇಬೇಕು. ನೀರಿನ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಬರುತ್ತದೆ. ಶವರಿಗಿಂತ 3 ಮೀಟರ್ ಮೇಲಿರುವ ತೊಟ್ಟಿಯಿಂದ ಸಿಗುವುದು 0.3 ಬಾರ್ ಮಾತ್ರ, ಪೈಪಿನ ತಿರುವುಗಳಲ್ಲಿ ಅದರಲ್ಲೂ ಸ್ವಲ್ಪ ಸೋರಿಹೋಗುತ್ತದೆ. ಶವರಿನ ಡಬ್ಬಿಯ ಮೇಲೆ ಕನಿಷ್ಠ ಒತ್ತಡ ಬರೆದಿರುತ್ತದೆ, ಓದಿ. ಅದು ನಿಮ್ಮ ತೊಟ್ಟಿ ಕೊಡುವುದಕ್ಕಿಂತ ಹೆಚ್ಚಿದ್ದರೆ ಪಂಪ್ ಬೇಕು. ಪಂಪ್ ಬೇಡವಾದರೆ ಚಿಕ್ಕ ಮುಖದ ಶವರ್ ಸಾಕು, ಅದರಲ್ಲೇ ಚೆನ್ನಾಗಿ ಸ್ನಾನವಾಗುತ್ತದೆ.

ನೆಲದ ವಾಟ ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇರಲಿ. ದೊಡ್ಡ ಟೈಲ್ ಬಾಗುವುದಿಲ್ಲ. ಹಾಗಾಗಿ ಮಧ್ಯದಲ್ಲಿ ನೀರು ಹೋಗುವ ಜಾಲರಿ ಇಟ್ಟು ನಾಲ್ಕೂ ಕಡೆಯಿಂದ ಇಳಿಜಾರು ಕೊಡುವುದಾದರೆ ಸ್ನಾನದ ಜಾಗಕ್ಕೆ ಸಣ್ಣ ಟೈಲ್ ಆರಿಸಿ. ದೊಡ್ಡದೇ ಬೇಕೆಂದಿದ್ದರೆ ಗೋಡೆಯುದ್ದಕ್ಕೂ ಉದ್ದನೆಯ ಜಾಲರಿ ಇಡಿಸಿ, ಆಗ ಒಂದೇ ಕಡೆಗೆ ಇಳಿಜಾರು ಸಾಕಾಗುತ್ತದೆ. ಟೈಲ್ ಹಾಸುವ ಮೊದಲು ಜಾಲರಿ ಮುಚ್ಚಿ, ನೀರು ನಿಲ್ಲಿಸಿ, ಕನಿಷ್ಠ 24 ಗಂಟೆ ಬಿಡಿಸಿ. ಕೆಳಗಿನ ಛಾವಣಿ, ಪಕ್ಕದ ಗೋಡೆ ಎರಡನ್ನೂ ನೀವೇ ಹೋಗಿ ಕೈಯಿಟ್ಟು ನೋಡಿ. ಈ ಒಂದು ದಿನವನ್ನು ಯಾರ ಅವಸರಕ್ಕೂ ಬಿಟ್ಟುಕೊಡಬೇಡಿ.

ನಲ್ಲಿಯನ್ನು ಕೈಯಲ್ಲಿ ತೂಗಿ

ಒಳ್ಳೆಯ ನಲ್ಲಿಯ ಮೈ ಹಿತ್ತಾಳೆಯದು, ಎತ್ತಿದರೆ ಭಾರ ಗೊತ್ತಾಗುತ್ತದೆ. ಸತುವಿನ ಮಿಶ್ರಲೋಹದ್ದು ಹೊರಗೆ ಅಷ್ಟೇ ಫಳಫಳ ಹೊಳೆದರೂ ಹಗುರ, ಲೇಪನ ಎದ್ದ ಮೇಲೆ ಬೇಗ ತಿಂದುಹೋಗುತ್ತದೆ. ಒಳಗೆ ಸೆರಾಮಿಕ್ ಕಾರ್ಟ್ರಿಡ್ಜ್, ಅಂದರೆ ನೀರು ಬಿಡುವ ನಿಲ್ಲಿಸುವ ಒಳಭಾಗ, ಇದೆಯೇ ಎಂದು ಕೇಳಿ. ಅಂಗಡಿಯವರು ಇದೆ ಎಂದರೆ ಅಲ್ಲಿಗೇ ನಿಲ್ಲಿಸದೆ, ಅದರ ಬಿಡಿಭಾಗ ಬೇರೆಯಾಗಿ ಸಿಗುತ್ತದೆಯೇ, ಈಗಲೇ ಒಂದು ತೋರಿಸಿ ಎನ್ನಿ. 35 ಅಥವಾ 40 ಮಿಲಿಮೀಟರಿನ ಸಾಮಾನ್ಯ ಗಾತ್ರದ್ದಾದರೆ ಮುಂದೆ ಹುಡುಕುವುದು ಸುಲಭ. ಗೋಡೆಯೊಳಗೆ ಕೂರುವ ವಾಲ್ವ್ ಆದರೆ ಬಿಡಿಭಾಗ ಕಣ್ಣಾರೆ ಕಾಣದೆ ನಾನು ಹಣ ಕೊಡಲಿಲ್ಲ.

ನಿಮ್ಮ ನೀರು ಗಡುಸಾಗಿದ್ದರೆ ಕಪ್ಪು ಮ್ಯಾಟ್ ನಲ್ಲಿ, ಕಪ್ಪು ಹೊಳಪಿನ ಟೈಲ್ ಎರಡರ ಮೇಲೂ ಸುಣ್ಣದ ಬಿಳಿ ಕಲೆ ಎದ್ದು ಕಾಣುತ್ತದೆ. ದಿನಾ ಒರೆಸುವ ಪುರುಸೊತ್ತು ಇರುವವರಿಗೆ ಸರಿ. ನನಗೆ ಸರಳ ಕ್ರೋಮ್ ಇಷ್ಟವಾಯಿತು, ಈಗಲೂ ಇಷ್ಟವೇ.

ಹಿಡಿಕೆಗಳು: ಮನೆಯ ಹಿರಿಯರ ಕೈಯನ್ನು ಕೇಳಿ

ನಮ್ಮ ಅತ್ತೆಯ ಬೆರಳಿನ ಗಂಟುಗಳು ಸಂಧಿವಾತದಿಂದ ಊದಿವೆ. ಅವರಿಗೆ ಗುಂಡಗಿನ ಹಿಡಿಕೆ ತಿರುಗಿಸಲು ಆಗುವುದಿಲ್ಲ. ಆದ್ದರಿಂದ ಬಾಗಿಲ ಹಿಡಿಕೆ, ನಲ್ಲಿ, ಕಿಟಕಿಯ ಚಿಲಕ ಯಾವುದನ್ನೇ ಕೊಳ್ಳುವಾಗಲೂ ಅವರನ್ನು ಕರೆದುಕೊಂಡು ಹೋಗಿ, ‘ಅತ್ತೆ, ನೀವೇ ಹಿಡಿದು ನೋಡಿ’ ಎನ್ನುತ್ತಿದ್ದೆ. ಬೆರಳು ಮಡಚದೆ ಮುಷ್ಟಿಯಿಂದಲೋ ಮೊಣಕೈಯಿಂದಲೋ ಒತ್ತಿದರೆ ತೆರೆಯುವ ಉದ್ದ ಹಿಡಿಕೆಗಳನ್ನೇ ಎಲ್ಲ ಬಾಗಿಲಿಗೂ ಹಾಕಿಸಿದೆವು. ಎರಡೂ ಕೈಯಲ್ಲಿ ಸಾಮಾನು ಹಿಡಿದು ಬರುವಾಗ ನನಗೂ ಅದೇ ಹಿತ. ಕಪಾಟುಗಳಿಗೆ ನಾಲ್ಕು ಬೆರಳು ಪೂರ್ತಿ ಒಳಗೆ ಹೋಗುವಷ್ಟು ಜಾಗವಿರುವ ಹಿಡಿಕೆ ಆರಿಸಿ. ಬಾಗಿಲಿನ ಅಂಚಿನಲ್ಲೇ ಕೊರೆದ ತೆಳು ಸಂದು ನೋಡಲು ಚೆಂದ, ಒದ್ದೆ ಕೈಗೆ ಜಾರುತ್ತದೆ.

ಬೀಗ ಕೊಳ್ಳುವ ಮೊದಲು ಬಾಗಿಲಿನ ದಪ್ಪ ಅಳೆದು ಬರೆದುಕೊಳ್ಳಿ, ಬೀಗದ ಸಿಲಿಂಡರಿನ ಉದ್ದ ಅದರ ಮೇಲೆ ನಿಂತಿದೆ. ಎತ್ತರದ ಕಪಾಟಿನ ಬಾಗಿಲಿಗೆ ಎರಡು ಕೀಲು ಸಾಲದು, ಮೂರೋ ನಾಲ್ಕೋ ಬೇಕು. ಸ್ಟೀಲ್ ಕೊಳ್ಳುವಾಗ ಅಯಸ್ಕಾಂತ ಹಿಡಿದು ‘ನೋಡಿ, ಅಂಟಲಿಲ್ಲ, ಇದು 304 ದರ್ಜೆ, ತುಕ್ಕು ಹಿಡಿಯದು’ ಎಂದು ತೋರಿಸುವವರಿದ್ದಾರೆ. 202 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ, ಆದರೆ ಅದು ನೀರಿರುವ ಕಡೆ ಬೇಗ ತುಕ್ಕು ಹಿಡಿಯುತ್ತದೆ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ಸರಿ.

ನೆಲದ ಟೈಲ್ ತುಂಡನ್ನು ಮನೆಗೆ ತನ್ನಿ

ಅಂಗಡಿಯ ಬೆಳಕಿನಲ್ಲಿ ಯಾವ ಟೈಲೂ ಚೆನ್ನ. ಮೆಚ್ಚಿದ ನಾಲ್ಕೈದರ ಒಂದೊಂದು ತುಂಡು ತಂದು ಎಲ್ಲರೂ ಓಡಾಡುವ ಹಿಂಬಾಗಿಲ ಹತ್ತಿರ ಹಾಸಿ. ನೆಲದ್ದನ್ನು ನೆಲದ ಮೇಲೆಯೇ ಮಲಗಿಸಿ ನೋಡಿ, ಗೋಡೆಯದ್ದನ್ನು ನಿಲ್ಲಿಸಿ ನೋಡಿ. ಬೆಳಕು ಬೀಳುವ ಕೋನ ಬದಲಾದರೆ ಬಣ್ಣವೂ ಬೇರೆ ಕಾಣುತ್ತದೆ. ಮೇಲೆ ನೀರು ಸುರಿದು ಬರಿಗಾಲಲ್ಲಿ ನಿಂತು ನೋಡಿ. ಸ್ವಲ್ಪ ಎಣ್ಣೆ, ಒಂದಿಷ್ಟು ಮಣ್ಣು ಸವರಿ ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ನಾನು ಹೀಗೆ ಮಾಡಿ ನೋಡಿದಾಗ ಅಚ್ಚ ಬಿಳಿ ಹೊಳಪಿನದ್ದೂ ಕಡುಗಪ್ಪಿನದ್ದೂ ಒಂದೇ ದಿನಕ್ಕೆ ಹೆಜ್ಜೆಗುರುತಿನಿಂದ ತುಂಬಿಹೋದವು. ನಡುಬಣ್ಣದ, ಸಣ್ಣ ಚುಕ್ಕೆಗಳಿರುವ ಮ್ಯಾಟ್ ಟೈಲ್ ಮಾತ್ರ ಹಾಗೆಯೇ ಇತ್ತು.

ಜಾರುವಿಕೆಗೆ R9 ರಿಂದ R13 ರವರೆಗೆ ಒಂದು ಅಳತೆಯಿದೆ, ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಒಳಗಿನ ಒಣ ಕೋಣೆಗೆ R9 ನಡೆಯುತ್ತದೆ, ನೀರು ಬೀಳುವಲ್ಲಿ R10, R11 ನೋಡಿ. R13 ಅನ್ನು ಮನೆಯೊಳಗೆ ತರಬೇಡಿ, ಅಷ್ಟು ಒರಟಿನಲ್ಲಿ ಕೂತ ಕೊಳೆ ತಿಕ್ಕಿದರೂ ಬಿಡದು. ನೀರು ಹೀರುವ ಪ್ರಮಾಣ ವಿಟ್ರಿಫೈಡ್‌ನಲ್ಲಿ ಶೇ. 0.5 ಅಥವಾ ಅದಕ್ಕಿಂತ ಕಡಿಮೆ. ಗೋಡೆಗೆಂದೇ ಮಾಡಿದ ಸೆರಾಮಿಕ್ ಟೈಲ್ ಶೇ. 10ಕ್ಕಿಂತ ಹೆಚ್ಚು ಹೀರಬಹುದು, ಅದನ್ನು ನೆಲಕ್ಕೆ ಹಾಕಿಸಬೇಡಿ.

ಡಬ್ಬಿಗಳ ಮೇಲೆ ಶೇಡ್ (ಬಣ್ಣದ ಛಾಯೆ) ಮತ್ತು ಕ್ಯಾಲಿಬರ್ (ಟೈಲಿನ ನಿಜವಾದ ಅಳತೆ) ಎಂದು ಎರಡು ಗುರುತು ಅಚ್ಚಾಗಿರುತ್ತವೆ. ಇಳಿಸಿಕೊಳ್ಳುವಾಗಲೇ ಎಲ್ಲ ಡಬ್ಬಿಗಳಲ್ಲೂ ಅವು ಒಂದೇ ಇವೆಯೇ ಎಂದು ನೋಡಿ. ಮೊದಲನೆಯದು ಬೇರೆಯಾದರೆ ಬಣ್ಣದಲ್ಲಿ ಪಟ್ಟೆ ಕಾಣುತ್ತದೆ, ಎರಡನೆಯದು ಬೇರೆಯಾದರೆ ಸಂದುಗಳು ನೇರ ಬರುವುದಿಲ್ಲ. ಶೇ. 10ರಷ್ಟು ಹೆಚ್ಚಿಗೆ ತರಿಸಿ, ಓರೆಯಾಗಿ ಹಾಸುವುದಾದರೆ ಶೇ. 15. ಟೈಲ್ ಹಾಸಿದ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ಅಂಟು ತುಂಬಿಲ್ಲ, ಸಂದು ತುಂಬುವ ಮೊದಲೇ ತೆಗೆಸಿ ಮತ್ತೆ ಹಾಸಿಸಿ.

ಅಡುಗೆಕಟ್ಟೆ

ಇದಕ್ಕೆ ಹೆಚ್ಚು ಮಾತು ಬೇಡ. ಅಮೃತಶಿಲೆಗೆ ಹುಳಿ ಆಗದು, ಒಂದು ತೊಟ್ಟು ನಿಂಬೆರಸಕ್ಕೂ ಹೊಳಪು ಹೋಗಿ ಮಚ್ಚೆ ಬೀಳುತ್ತದೆ. ಕಲ್ಲಿನ ಪುಡಿಗೆ ರಾಳ ಬೆರೆಸಿ ಮಾಡುವ ಕ್ವಾರ್ಟ್ಜ್ ಸುಲಭಕ್ಕೆ ಕಲೆ ಹಿಡಿಯುವುದಿಲ್ಲ, ಆದರೆ ಆ ರಾಳಕ್ಕೆ ಒಲೆಯಿಂದಿಳಿಸಿದ ಪಾತ್ರೆಯ ಬಿಸಿ ತಡೆಯದು. ಗ್ರಾನೈಟ್ ಹುಳಿ, ಬಿಸಿ ಎರಡನ್ನೂ ತಾಳುತ್ತದೆ. ಎತ್ತರ ಮಾತ್ರ ಅಡುಗೆ ಮಾಡುವವರ ಮೈಕಟ್ಟಿಗೆ ತಕ್ಕಂತಿರಲಿ: ನೇರ ನಿಂತು ಮೊಣಕೈ ಮಡಚಿ, ಅದಕ್ಕಿಂತ 10–15 ಸೆಂಟಿಮೀಟರ್ ಕೆಳಗೆ. ಸಿಂಕಿನ ಕೆಳಗಿನ ಕಪಾಟಿಗೆ ನೀರು ತಡೆಯುವ ಪ್ಲೈವುಡ್ಡನ್ನೇ ಹಾಕಿಸಿ, ಕತ್ತರಿಸಿದ ಅಂಚುಗಳಿಗೆಲ್ಲ, ಕಾಣದ ಹಿಂಬದಿಗೂ, ಪಟ್ಟಿ ಅಂಟಿಸಿ.

ದೀಪ ಮೊದಲು, ಬಣ್ಣ ಆಮೇಲೆ

ಗೋಡೆಯ ಬಣ್ಣವನ್ನು ಕಾರ್ಡು ನೋಡಿ ತೀರ್ಮಾನಿಸಬೇಡಿ. ಮೊದಲು ಆ ಕೋಣೆಗೆ ಯಾವ ದೀಪ ಎಂದು ಖಚಿತಪಡಿಸಿಕೊಳ್ಳಿ. 2700–3000 ಕೆಲ್ವಿನ್ ಹಳದಿ ಛಾಯೆಯದು, 4000 ಸಮ, 6500 ನೀಲಿ ಬೆರೆತ ಬಿಳಿ. ಒಂದೇ ತಿಳಿಬೂದು ಬಣ್ಣ ಈ ಮೂರರಡಿ ಮೂರು ಬಣ್ಣವಾಗಿ ಕಾಣುತ್ತದೆ. ಬಣ್ಣಗಳನ್ನು ಸಹಜವಾಗಿ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಅಂಕಿಯಿದೆ. ಅಡುಗೆಮನೆ ಮತ್ತು ಕನ್ನಡಿಯ ಮುಂದಿನ ದೀಪಕ್ಕೆ ಅದು 90ಕ್ಕಿಂತ ಮೇಲಿರಲಿ.

ಆಮೇಲೆ ದೊಡ್ಡ ರಟ್ಟಿಗೆ ಎರಡು ಕೋಟ್ ಬಳಿದು, ಕೋಣೆಯ ಬೇರೆ ಬೇರೆ ಗೋಡೆಗೆ ಒರಗಿಸಿ, ಬೆಳಿಗ್ಗೆ, ಸಂಜೆ, ದೀಪದಡಿ ನೋಡಿ. ಹೊಸ ಸಿಮೆಂಟ್ ಪ್ಲಾಸ್ಟರ್ ಒಣಗಿ ಅದರ ಕ್ಷಾರ ತಗ್ಗಲು ಸುಮಾರು 28 ದಿನ ಕೊಡಿ. ಗೋಡೆ ಹಸಿಯಿರುವಾಗಲೇ ಬಳಿದ ಬಣ್ಣ ಉಬ್ಬಿ ಸುಲಿಯುತ್ತದೆ. ಹೊಳಪಿನ ಬಣ್ಣ ಗೋಡೆಯ ಏರುತಗ್ಗನ್ನೆಲ್ಲ ಎತ್ತಿ ತೋರಿಸುತ್ತದೆ. ಅಡ್ಡಬೆಳಕು ಬೀಳುವ ಉದ್ದ ಗೋಡೆಗೆ ಮ್ಯಾಟ್, ಕೈ ತಾಗುವ ಹಾದಿಗೆ ತೊಳೆಯಲು ಬರುವ ನಸುಹೊಳಪು ಸಾಕು.

ಮುಚ್ಚುವ ಮೊದಲು ಫೋಟೊ

ಪೈಪು, ವೈರು ಎಲ್ಲ ಹಾಕಿ, ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಅಳತೆ ಟೇಪನ್ನು ಮೂಲೆಯಿಂದ ಹಿಡಿಸಿ, ಅಂಕಿ ಓದಲು ಬರುವಂತೆ, ಆ 1 ಮೀಟರಿನ ಗೆರೆಯೂ ಚಿತ್ರದಲ್ಲಿ ಬರುವಂತೆ ತೆಗೆಯಿರಿ. ಮುಂದೆ ಕನ್ನಡಿಗೋ ಕಪಾಟಿಗೋ ತೂತು ಕೊರೆಯುವಾಗ ಅದನ್ನು ನೋಡಿಯೇ ಕೊರೆಯಬೇಕು. ಉಳಿದ ಟೈಲುಗಳನ್ನು ಡಬ್ಬಿಯ ಗುರುತಿನ ಸಮೇತ ಒಂದು ಕಡೆ ಇಡಿ. ಬಣ್ಣದ ಸಂಖ್ಯೆ, ನಲ್ಲಿಯ ಮಾದರಿ, ಕಾರ್ಟ್ರಿಡ್ಜಿನ ಗಾತ್ರ ಒಂದೇ ಹಾಳೆಯಲ್ಲಿ ಬರೆದು ವಿದ್ಯುತ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ, ಅದರದ್ದೂ ಒಂದು ಫೋಟೊ ಮನೆಯವರೆಲ್ಲರ ಫೋನಿನಲ್ಲಿರಲಿ.