ಡಬ್ಬದ ಮೇಲೆ 8 ಜನ ಅಂತಿದ್ರೆ ನಾಲ್ಕು ಅಂತ ಓದ್ಕೊಳಿ: ದೊಡ್ಡ ಟೆಂಟ್ ಆರಿಸಿದ ನನ್ನ ಅನುಭವ

ಅಮೆರಿಕದ ಕೊಲರಾಡೋಗೆ ಬಂದ್ಮೇಲೆ ನಂಗೆ ಟೆಂಟ್ ಬೇಕಾಗಿದ್ದು ಎರಡು ಕೆಲಸಕ್ಕೆ. ಬೇಸಿಗೆಲಿ ಹೆಂಡ್ತಿ ಮಕ್ಕಳ ಜೊತೆ ಕ್ಯಾಂಪಿಂಗು, ಅಕ್ಟೋಬರ್‌ನಲ್ಲಿ ಆಫೀಸಿನ ಗೆಳೆಯರ ಜೊತೆ ಎಲ್ಕ್, ಅಂದ್ರೆ ಇಲ್ಲಿನ ದೊಡ್ಡ ಜಿಂಕೆ, ಅದ್ರ ಶಿಕಾರಿ. ಶಿಕಾರಿ ಅಂದ ತಕ್ಷಣ ಗಾಬರಿ ಬೀಳ್ಬೇಡಿ. ನಾನು ತೀರ್ಥಹಳ್ಳಿ ಕಡೆಯವ್ನು, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಶಿಕಾರಿ ಅನ್ನೋದು ಅಜ್ಜಂದಿರು ಜಗಲಿ ಮೇಲೆ ಕೂತು ಹೇಳೋ ಕತೆ ಅಷ್ಟೆ, ಇಲ್ಲಿ ಹಾಗಲ್ಲ, ಲೈಸೆನ್ಸು, ಟ್ಯಾಗು, ಸೀಸನ್ನು ಎಲ್ಲದಕ್ಕೂ ಲೆಕ್ಕ ಇದೆ, 1949ರಿಂದ ಈಚೆ ಹುಟ್ಟಿದವ್ರು ಹಂಟರ್ ಎಜುಕೇಶನ್ ಅನ್ನೋ ಕೋರ್ಸ್ ಪಾಸ್ ಮಾಡ್ದೆ ಸಾಮಾನ್ಯವಾಗಿ ಲೈಸೆನ್ಸ್ ಸಿಗಲ್ಲ. ನಾನಂತೂ ಬಂದೂಕು ಹಿಡಿಯಲ್ಲ, ಕ್ಯಾಂಪಿನ ಅಡುಗೆಭಟ್ಟ. ಬೆಳಗಿನ ಜಾವ ಎದ್ದು ಅವ್ರಿಗೆ ಕಾಫಿ ಉಪ್ಪಿಟ್ಟು ಕೊಟ್ಟು ಕಳ್ಸಿದ್ರೆ ಆಮೇಲೆ ದಿನಪೂರ್ತಿ ಕ್ಯಾಂಪಲ್ಲೇ ಇರೋನು ನಾನು, ಹಾಗಾಗಿ ಟೆಂಟಿನ ಒಳಗಿನ ಜಾಗದ ಬಗ್ಗೆ ಮಾತಾಡೋ ಹಕ್ಕು ನಂಗೇ ಜಾಸ್ತಿ.

ಮೊದ್ಲು ಆ ‘ಎಷ್ಟು ಜನ’ ಅನ್ನೋ ನಂಬರ್ ವಿಷ್ಯ. ಕಂಪನಿಯವ್ರು ಲೆಕ್ಕ ಹಾಕೋದು ಮಲಗೋ ಮ್ಯಾಟ್ ಪಕ್ಕಕ್ಕೆ ಮ್ಯಾಟ್ ಜೋಡ್ಸಿ. ಒಬ್ಬರಿಗೆ ಎರಡು ಅಡಿ ಅಗಲ ಸಿಕ್ಕಿದ್ರೆ ಪುಣ್ಯ, ಬ್ಯಾಗು ಬೂಟು ಜಾಕೆಟ್ಟು ಎಲ್ಲ ಗಾಳೀಲಿ ತೇಲ್ತಾ ಇರತ್ತೆ ಅನ್ಕೋಬೇಕು. ನಾನು ಅಂಗಡಿಗೆ ಹೋಗೋ ಮುಂಚೆ ನಮ್ಮನೆ ಗ್ಯಾರೇಜ್ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ 10×14 ಅಡಿ ಚೌಕ ಹಾಕ್ದೆ, ಅದ್ರೊಳಗೆ ಮಡಚೋ ಮಂಚ, ಅಂದ್ರೆ ಕಾಟ್, ಇಟ್ಟು ನೋಡ್ದೆ. ಹೆಂಡ್ತಿ ಬಂದು ‘ಏನ್ರೀ ಇದು, ಕಲ್ಯಾಣ ಮಂಟಪ ಕಟ್ತಿದೀರಾ’ ಅಂದ್ಲು. ಆದ್ರೆ ಟೇಪ್ ಹಾಕಿದ್ರಿಂದ್ಲೇ ಸತ್ಯ ಗೊತ್ತಾಗಿದ್ದು. 140 ಚದರ ಅಡಿನ 8 ಜನಕ್ಕೆ ಹಂಚಿದ್ರೆ ಒಬ್ಬರಿಗೆ ಹದಿನೇಳೂವರೆ ಚದರ ಅಡಿ, ಒಂದು ಕಾಟೇ 78 ಇಂಚು ಉದ್ದ 30 ಇಂಚು ಅಗಲ ಅಂದ್ರೆ ಅದೊಂದೇ 16 ಚದರ ಅಡಿಗಿಂತ ಸ್ವಲ್ಪ ಜಾಸ್ತಿನೇ ನುಂಗತ್ತೆ. ಎಂಟು ಕಾಟ್ ಹಾಕಿದ್ರೆ ಓಡಾಡೋದಿರ್ಲಿ ಎದ್ದು ನಿಲ್ಲೋಕೂ ಜಾಗ ಇಲ್ಲ. ನಾಲ್ಕು ಹಾಕಿದ್ರೆ 65 ಅಡಿ ಹೋಗಿ ಇನ್ನೂ 75 ಉಳಿಯತ್ತೆ, ಅದ್ರಲ್ಲಿ ಬ್ಯಾಗು, ಕುರ್ಚಿ, ಒದ್ದೆ ಬಟ್ಟೆ, ಮಧ್ಯೆ ಒಂದು ಓಣಿ. ಶಿಕಾರಿ ಕ್ಯಾಂಪಿಗೆ ಇದೇ ಸರಿ ಅಳತೆ ಅಂತ ನಂಗನ್ಸಿದ್ದು. ಬೇಸಿಗೆ ಕ್ಯಾಂಪಿಗೆ, ಕಾಟ್ ಇಲ್ದೆ ನೆಲದ ಮೇಲೆ ಹಾಸ್ಕೊಂಡು ಮಲಗೋದಾದ್ರೆ, ಮಕ್ಕಳು ಸೇರಿ ಐದಾರು ಜನ ಆರಾಮಾಗಿ ಹಿಡೀತಾರೆ.

ನೆಲದ ಅಳತೆ ನೋಡಿ ಮೋಸ ಹೋಗೋ ಇನ್ನೊಂದು ಜಾಗ ಅಂದ್ರೆ ಗೋಡೆ ಇಳಿಜಾರು. ಡೋಮ್ ಟೆಂಟಲ್ಲಿ ಗೋಡೆ ಬುಡದಿಂದ್ಲೇ ಒಳಗೆ ಬಾಗತ್ತೆ, ಅಂಚಿನಲ್ಲಿ ಕಾಟ್ ಹಾಕಿದ್ರೆ ಮೂತಿಗೆ ಬಟ್ಟೆ ತಾಗತ್ತೆ, ಆ ಬಟ್ಟೆ ಬೆಳಗಿನ ಜಾವ ಒದ್ದೆ ಇರತ್ತೆ. ಕ್ಯಾಬಿನ್ ಥರದ್ದು ಅಥವಾ ಶಿಕಾರಿಯವ್ರು ವಾಲ್ ಟೆಂಟ್ ಅಂತಾರಲ್ಲ ಅದ್ರಲ್ಲಿ ಗೋಡೆ ನೆಟ್ಟಗಿರತ್ತೆ, ಅಂಚಿನವರೆಗೂ ಜಾಗ ಕೆಲಸಕ್ಕೆ ಬರತ್ತೆ. ಹಾಗಂತ ಅದಕ್ಕೂ ಬೆಲೆ ತೆರಬೇಕು, ನೆಟ್ಟಗಿನ ಗೋಡೆ ಗಾಳಿಗೆ ಎದೆ ಕೊಟ್ಟು ನಿಲ್ಲತ್ತೆ, ತೆಳು ಫೈಬರ್‌ಗ್ಲಾಸ್ ಕಡ್ಡಿಯ ಅಗ್ಗದ ಕ್ಯಾಬಿನ್ ಟೆಂಟ್‌ಗಳು ಜೋರು ಗಾಳೀಲಿ ಮಂಡಿ ಊರಿದ್ದನ್ನ ನೋಡಿದೀನಿ. ಕಂಬ ಸ್ಟೀಲೋ ದಪ್ಪ ಅಲ್ಯೂಮಿನಿಯಮ್ಮೋ ಇರ್ಲಿ, ನಾಲ್ಕೂ ಕಡೆ ಹಗ್ಗ ಕಟ್ಟೋಕೆ ಕುಣಿಕೆ ಇರ್ಲಿ. ಡಬ್ಬದಲ್ಲಿ ಬರೋ ತೆಳು ಗೂಟಗಳನ್ನ ನಾನು ಬಳಸೋದೇ ಇಲ್ಲ, ಇಲ್ಲಿ ಒಂಬತ್ತು ಸಾವಿರ ಅಡಿ ಎತ್ತರದಲ್ಲಿ ನೆಲ ಅಂದ್ರೆ ಕಲ್ಲು, ಅದೂ ರಾತ್ರಿ ಹೆಪ್ಪುಗಟ್ಟಿರತ್ತೆ, 12 ಇಂಚಿನ ಸ್ಟೀಲ್ ಗೂಟ ಮತ್ತೆ ಒಂದು ಸಣ್ಣ ಸುತ್ತಿಗೆ ಬೇಕೇ ಬೇಕು.

ಟೆಂಟಿನ ಎತ್ತರದಲ್ಲಿ ಮಾತ್ರ ರಾಜಿ ಆಗ್ಲಿಲ್ಲ. ಕತ್ತಲಲ್ಲಿ ನಾಲ್ಕು ಜನ ಥರ್ಮಲ್ಲು, ಪ್ಯಾಂಟು, ಅದ್ರ ಮೇಲೆ ಇಲ್ಲಿನ ರೂಲ್ ಪ್ರಕಾರ 500 ಚದರ ಇಂಚಿನ ಕಣ್ಣು ಕುಕ್ಕೋ ಕಿತ್ತಳೆ ಬಣ್ಣದ ಜಾಕೆಟ್ಟು, ಎಲ್ಲ ಹಾಕ್ಕೊಳೋ ಹೊತ್ತಲ್ಲಿ ಬಗ್ಗಿಕೊಂಡು ಒಬ್ರ ಮೇಲೊಬ್ರು ಬೀಳೋದು ಏನು ಚಂದ. ನಲವತ್ತು ದಾಟಿದ ಸೊಂಟಕ್ಕೆ ಆರೂವರೆ ಅಡಿ ಎತ್ತರದ ಟೆಂಟ್ ಅಂದ್ರೆ ಔಷಧಿ ಇದ್ದಹಾಗೆ. ಬಾಗಿಲು ಎರಡಿದ್ರೆ ಇನ್ನೂ ಒಳ್ಳೇದು, ರಾತ್ರಿ ಎದ್ದು ಹೊರಗೆ ಹೋಗೋನು ಎಲ್ಲರ ಕಾಲು ತುಳೀಬೇಕಾಗಿಲ್ಲ.

ಬಟ್ಟೆ ವಿಷ್ಯಕ್ಕೆ ನಾನು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು. ಪಾಲಿಯೆಸ್ಟರ್ ಹಗುರ, ಅಗ್ಗ, ಬೇಗ ಒಣಗತ್ತೆ, ಆದ್ರೆ ಉಸಿರಾಡಲ್ಲ. ನಾಲ್ಕು ಜನ ರಾತ್ರಿಯೆಲ್ಲ ಬಿಡೋ ಉಸಿರಿನ ತೇವ ಒಳಗೋಡೆಗೆ ಕೂತು ಬೆಳಿಗ್ಗೆ ಹನಿ ಹನಿ ತಲೆ ಮೇಲೆ ಬೀಳತ್ತೆ, ಟೆಂಟ್ ಸೋರ್ತಿದೆ ಅಂತ ಎಷ್ಟೋ ಜನ ಬೈಕೋತಾರೆ, ಅದು ಸೋರೋದಲ್ಲ. ಹತ್ತಿ ಕ್ಯಾನ್ವಾಸಲ್ಲಿ ಈ ಕಾಟ ಬಹಳ ಕಮ್ಮಿ, ಗಾಳಿಗೆ ಪಟಪಟ ಅನ್ನಲ್ಲ, ಹಿಮಕ್ಕೂ ಗಟ್ಟಿ. ಆದ್ರೆ ತೂಕ! ನಾನು ಕೊನೆಗೆ ತಗೊಂಡ ಕೊಡಿಯಾಕ್ ಕ್ಯಾನ್ವಾಸ್ ಅನ್ನೋ ಕಂಪನಿಯ 10×14 ಟೆಂಟನ್ನ ಟ್ರಕ್ಕಿಂದ ಇಳ್ಸೋಕೆ ಇಬ್ರು ಬೇಕು, ಬೆನ್ನ ಮೇಲೆ ಹೊತ್ಕೊಂಡು ಬೆಟ್ಟ ಹತ್ತೋ ಮಾತೇ ಇಲ್ಲ. ಗಾಡಿ ಹೋಗೋ ಜಾಗಕ್ಕೆ ಮಾತ್ರ ಇದು. ನಮ್ಮ ಗುಂಪು ಫ್ಲಾಟ್ ಟಾಪ್ಸ್ ಕಡೆ ವೈಟ್ ರಿವರ್ ನ್ಯಾಷನಲ್ ಫಾರೆಸ್ಟಲ್ಲಿ ರಸ್ತೆ ಪಕ್ಕದಲ್ಲೇ ಕ್ಯಾಂಪ್ ಹಾಕೋದ್ರಿಂದ ನಂಗೆ ಇದು ಸರಿಹೋಯ್ತು.

ಕ್ಯಾನ್ವಾಸ್ ತಗೊಂಡ್ರೆ ಮೊದ್ಲ ಸಲ ಹಿತ್ತಲಲ್ಲೇ ಹಾಕಿ ಪೈಪಲ್ಲಿ ಚೆನ್ನಾಗಿ ನೀರು ಬಿಟ್ಟು ಪೂರ್ತಿ ಒಣಗ್ಸಿ, ಸಾಧ್ಯ ಆದ್ರೆ ಇನ್ನೊಂದ್ಸಲ ಹಾಗೇ ಮಾಡಿ. ನೂಲು ಉಬ್ಬಿ ಹೊಲಿಗೆಯ ತೂತು ಮುಚ್ಕೊಳತ್ತೆ. ಇಲ್ಲಿಯವ್ರು ಸೀಸನಿಂಗ್ ಅಂತಾರೆ. ಇದನ್ನ ಮಾಡ್ದೆ ಸೀದಾ ಮಳೆಗೆ ತಗೊಂಡೋದ್ರೆ ಹೊಲಿಗೆ ಹತ್ರ ಒಂದೊಂದು ಹನಿ ಬರತ್ತೆ.

ಈಗ ಶಿಕಾರಿಯವ್ರ ಮೆಚ್ಚಿನ ವಿಷ್ಯ, ಒಲೆ. ಟೆಂಟೊಳಗೆ ಸೌದೆ ಒಲೆ ಇಡೋ ಆಸೆ ಇದ್ರೆ ಸ್ಟೋವ್ ಜ್ಯಾಕ್ ಇರೋ ಟೆಂಟನ್ನೇ ತಗೊಳಿ, ಅಂದ್ರೆ ಹೊಗೆ ಕೊಳವೆ ಹೊರಗೆ ಹೋಗೋಕೆ ಬೆಂಕಿ ತಡೆಯೋ ಬಟ್ಟೆಯ ತೂತು. ಎಲ್ಲ ಕ್ಯಾನ್ವಾಸ್ ಟೆಂಟಿಗೂ ಇದು ಇರಲ್ಲ, ಆಮೇಲೆ ಕತ್ತರಿ ಹಾಕಿ ಮಾಡ್ಕೊಳೋಣ ಅನ್ನೋದು ನಂಗೆ ಸರಿ ಕಾಣಲ್ಲ. ಕೊಳವೆ ತುದಿಗೆ ಕಿಡಿ ತಡೆಯೋ ಜಾಲರಿ, ಒಲೆ ಕೆಳಗೆ ಬೆಂಕಿ ತಡೆಯೋ ಮ್ಯಾಟು, ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ, ಈ ಮೂರೂ ಇಲ್ದೆ ಒಲೆ ಹಚ್ಚೋದು ಬೇಡ. ಗ್ಯಾಸ್ ಹೀಟರ್ ಇಟ್ಟವ್ರಿಗೂ ಅಲಾರಂ ಬೇಕು, ಕಾರ್ಬನ್ ಮಾನಾಕ್ಸೈಡ್ ಅನ್ನೋ ಆ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೇಲಿ ಗೊತ್ತಾಗಲ್ಲ. ಲೇಬಲ್ ಮೇಲೆ ಸಿಪಿಎಐ-84 ಅಂತ ಇದ್ರೆ ಬಟ್ಟೆ ಬೇಗ ಹತ್ಕೊಂಡು ಉರಿಯಲ್ಲ ಅಂತ ಅರ್ಥ, ಸುಡೋದೇ ಇಲ್ಲ ಅಂತಲ್ಲ.

ದೊಡ್ಡದು ಬೇಕು ಬೇಕು ಅಂತ ನಮ್ಮ ಗುಂಪಿನೋನೊಬ್ಬ 16×20ರ ವಾಲ್ ಟೆಂಟ್ ತಂದಿದ್ದ. ಒಳಗೆ ಕ್ರಿಕೆಟ್ ಆಡಬಹುದಿತ್ತು, ಆದ್ರೆ ರಾತ್ರಿ ಎರಡು ಗಂಟೆಗೆ ಒಲೆ ಆರಿದ್ರೆ ಅರ್ಧ ಗಂಟೇಲಿ ಹೊರಗಿನ ಚಳಿನೇ ಒಳಗೆ, ಸರದಿ ಮೇಲೆ ಎದ್ದು ಸೌದೆ ಹಾಕಿದ್ದೇ ಹಾಕಿದ್ದು. ಜಾಗ ಜಾಸ್ತಿ ಆದಷ್ಟೂ ಬಿಸಿ ಮಾಡ್ಬೇಕಾದ ಗಾಳಿನೂ ಜಾಸ್ತಿ. ಒಲೆ ಇಟ್ರೂ ನಾಲ್ಕು ಜನಕ್ಕೆ 12×14 ಸಾಕು ಅನ್ನೋದು ನನ್ನ ಅಭಿಪ್ರಾಯ, ಹೆಚ್ಚು ಜಾಗ ಬೇಕಾದ್ರೆ ಟೆಂಟ್ ದೊಡ್ಡದು ಮಾಡೋ ಬದ್ಲು ಮುಂದೆ ಒಂದು ಟಾರ್ಪಾಲ್ ಕಟ್ಟಿ. ನನ್ನ ಅಡುಗೆಮನೆ ಇರೋದು ಟಾರ್ಪಾಲ್ ಕೆಳಗೇ. ಟೆಂಟೊಳಗೆ ಒಗ್ಗರಣೆ ಹಾಕಿದ್ರೆ ಆ ಘಮ ಬಟ್ಟೇಲಿ ಕೂರತ್ತೆ, ಅಕ್ಟೋಬರಲ್ಲಿ ಇಲ್ಲಿನ ಕರಡಿಗಳು ಚಳಿಗಾಲಕ್ಕೆ ಮೈ ತುಂಬಿಸ್ಕೊಳೋ ಹೊತ್ತು, ಇಂಗಿನ ವಾಸನೆಗೆ ಕರೆಸ್ಕೊಳೋದು ಬೇಡ. ತಿಂಡಿ ಡಬ್ಬ ಎಲ್ಲ ಗಾಡೀಲಿ, ಬೇಟೆ ಸಿಕ್ಕಿದ್ರೆ ಮಾಂಸ ಜಾಲರಿ ಚೀಲದಲ್ಲಿ ದೂರದ ಮರಕ್ಕೆ. ಹಾಗಾಗಿ ಮಾಂಸ ಇಡೋಕೆ ಅಂತ ಟೆಂಟಲ್ಲಿ ಜಾಗ ಲೆಕ್ಕ ಹಾಕೋದೇ ಬೇಡ.

ಫ್ಯಾಮಿಲಿ ಕ್ಯಾಂಪಿಗೆ ಹೋಗೋರು ಒಂದು ವಿಷ್ಯ ನೋಡ್ಕೊಳಿ. ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಎಷ್ಟೋ ಕಡೆ ಟೆಂಟ್ ಹಾಕೋಕೆ ಮಣ್ಣಿನ ಚೌಕ ಮಾಡಿಟ್ಟಿರ್ತಾರೆ, ಟೆಂಟ್ ಅದ್ರೊಳಗೇ ಕೂರ್ಬೇಕು, ಅದ್ರ ಅಳತೆ ಬುಕಿಂಗ್ ಮಾಡೋವಾಗ್ಲೇ ಕೊಟ್ಟಿರ್ತಾರೆ. ದೊಡ್ಡ ಟೆಂಟ್ ಇದೆ ಅಂತ ಖುಷಿಲಿ ಹೋಗಿ ಚೌಕ 10×10 ಇದ್ರೆ ಏನ್ಮಾಡ್ತೀರಿ? ಟೆಂಟ್ ಅಳತೆ ಜೊತೆ ಹಗ್ಗ ಎಳ್ಯೋಕೆ ಸುತ್ತ ಮೂರ್ನಾಲ್ಕು ಅಡಿ ಸೇರ್ಸಿ ಲೆಕ್ಕ ಹಾಕಿ. ಟೆಂಟ್ ಕೆಳಗೆ ಹಾಸೋ ಪ್ಲಾಸ್ಟಿಕ್ಕು ಟೆಂಟಿಗಿಂತ ಸ್ವಲ್ಪ ಚಿಕ್ಕದೇ ಇರ್ಲಿ, ಹೊರಗೆ ಚಾಚಿದ್ರೆ ಜುಲೈ ಮಧ್ಯಾಹ್ನದ ಗುಡುಗು ಮಳೆ ನೀರನ್ನ ಹಿಡ್ಕೊಂಡು ನಿಮ್ಮ ಹಾಸಿಗೆ ಕೆಳಗೇ ತಂದು ಬಿಡತ್ತೆ.

ಊರಲ್ಲಿರೋ ಗೆಳೆಯರು ಇದೇ ಟೆಂಟ್ ತರ್ಸೋಣ್ವಾ ಅಂತ ಕೇಳ್ತಾರೆ. ಮಲೆನಾಡಿನ ಮಳೆಗೆ ನಾನು ಹತ್ತಿ ಕ್ಯಾನ್ವಾಸ್ ಹೇಳಲ್ಲ, ಒಣಗ್ಸೋಕೆ ಬಿಸಿಲೇ ಇಲ್ದೆ ವಾರದಲ್ಲಿ ಬೂಷ್ಟು ಹಿಡಿಯತ್ತೆ, ಅಲ್ಲಿಗೆ 3000 ಎಂಎಂ, ಅಂದ್ರೆ ಮೂರು ಮೀಟರ್ ಎತ್ತರದ ನೀರಿನ ಒತ್ತಡ ತಡೆಯೋ ಮೇಲ್ಹೊದಿಕೆ ಇರೋ, ಗಾಳಿ ಕಿಟಕಿ ದೊಡ್ಡದಿರೋ ಪಾಲಿಯೆಸ್ಟರ್ ಕ್ಯಾಬಿನ್ನೇ ವಾಸಿ, ಅರಣ್ಯ ಇಲಾಖೆ ಪರ್ಮಿಶನ್ ಇಲ್ದೆ ಕಾಡಲ್ಲಿ ಟೆಂಟ್ ಹಾಕೋಕೆ ಹೋಗ್ಬೇಡಿ. ಇಲ್ಲೂ ಕ್ಯಾಂಪ್ ಮುಗ್ಸಿ ಬಂದ್ಮೇಲೆ ಎಷ್ಟೇ ಸುಸ್ತಾಗಿದ್ರೂ ಒಂದೆರಡು ದಿನದೊಳಗೆ ಗ್ಯಾರೇಜಲ್ಲಿ ಹಗ್ಗ ಕಟ್ಟಿ ಕ್ಯಾನ್ವಾಸನ್ನ ಹರವಿ, ಒಂದು ಫ್ಯಾನ್ ಹಚ್ಚಿಟ್ಟು, ಹೊಲಿಗೆ ಮುಟ್ಟಿ ನೋಡಿ ಒಣಗಿದೆ ಅಂತ ಖಾತ್ರಿ ಆದ್ಮೇಲೇ ನಾನು ಸುತ್ತಿಡೋದು, ಅಲ್ಲೀವರೆಗೂ ಹೆಂಡ್ತಿ ಕಾರು ರಸ್ತೇಲೇ ನಿಂತಿರತ್ತೆ.