ರೂಮ್‌ಮೇಟ್ ಜೊತೆ ಜಗಳ ಆಡಿ ವೆಬ್‌ಸೈಟ್ ಮಾಡಿದ ಕಥೆ

"ಮೂರರಲ್ಲಿ ಒಂದು ಪಾಲು ಓಟೂ ಸಿಗದ ಪಕ್ಷಕ್ಕೆ ಬಹುಮತ ಹೇಗೆ ಬರುತ್ತೆ ಮಾರಾಯ, ಲೆಕ್ಕ ತೋರಿಸು ನೋಡೋಣ" ಅಂತ ರೂಮ್‌ಮೇಟ್ ಪಟ್ಟು ಹಿಡಿದು ಕೂತ. ಮರುದಿನ ಬೆಳಿಗ್ಗೆ ಲ್ಯಾಬ್ ಇತ್ತು, ರೆಕಾರ್ಡ್ ಬರೆದಿರಲಿಲ್ಲ. ಆದರೂ ಅದೇ ರೆಕಾರ್ಡಿನ ಕೊನೆಯ ಹಾಳೆಯಲ್ಲಿ ಗೀಚಿ ತೋರಿಸಿದೆ. ಐದು ಕ್ಷೇತ್ರ, ಒಂದೊಂದರಲ್ಲಿ 100 ಓಟು, ಎರಡೇ ಪಕ್ಷ. ಒಂದು ಪಕ್ಷಕ್ಕೆ ಮೂರು ಕ್ಷೇತ್ರದಲ್ಲಿ ತಲಾ 51 ಬಂತು, ಉಳಿದ ಎರಡರಲ್ಲಿ ಸೊನ್ನೆ. ಒಟ್ಟು 500ರಲ್ಲಿ ಬರೀ 153. ಆದರೂ ಐದರಲ್ಲಿ ಮೂರು ಸೀಟು ಅದರದ್ದೇ. ಭಾರತ, ಬ್ರಿಟನ್, ಕೆನಡಾದ ಕೆಳಮನೆಗೆಲ್ಲ ಇದೇ ಪದ್ಧತಿ. ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ಓಟೋ ಅವರು ಗೆದ್ದರು, ಅಷ್ಟೇ.

ಅವನು ಒಪ್ಪಲಿಲ್ಲ. "ಇದು ನೀನು ಬೇಕಂತಲೇ ಹೊಂದಿಸಿದ ಲೆಕ್ಕ" ಅಂದ. ಹೊಂದಿಸಿದ್ದು ನಿಜವೇ. ಹಾಗಾದರೆ ಅವನೇ ಅಂಕಿ ಹಾಕಿ ನೋಡುವಂಥ ಒಂದು ಪುಟ ಮಾಡಿಬಿಡೋಣ ಅನ್ನಿಸಿತು.

ವೆಬ್‌ಸೈಟ್ ಅಂತ ನನ್ನದೊಂದು ಆಗಲೇ ಇತ್ತು, ಹೆಸರಿಗೆ ಮಾತ್ರ. ನನ್ನ ಹೆಸರು, ಒಂದು ಫೋಟೋ, ಕೆಳಗೆ 'ಶೀಘ್ರದಲ್ಲೇ ಬರಲಿದೆ' ಅನ್ನೋ ಸಾಲು. ಒಂದು ವರ್ಷ ಏನೂ ಬರಲಿಲ್ಲ! ಸೈಟ್ ಇಡೋಕೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಬಿಟ್ಟಿಯಾಗಿ ಇಟ್ಟಿದ್ದೆ, ಕೈಯಲ್ಲೇ ಬರೆದ ಒಂದೇ ಎಚ್‌ಟಿಎಂಎಲ್ ಫೈಲು. ಅದರಲ್ಲೂ ತಪ್ಪು ಕಮ್ಮಿ ಇರಲಿಲ್ಲ. ಅಕ್ಷರಗಳನ್ನು ಯುಟಿಎಫ್-8 ಅನ್ನೋ ಕ್ರಮದಲ್ಲಿ ಓದು ಅಂತ ಬ್ರೌಸರಿಗೆ ತಿಳಿಸುವ ಮೆಟಾ ಟ್ಯಾಗ್ ಹಾಕದೆ ಕನ್ನಡ ಅಕ್ಷರವೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಂಡಿದ್ದವು. ಫೋಟೋ ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬರುತ್ತಿತ್ತು, ಆನ್‌ಲೈನ್‌ನಲ್ಲಿ ಮಾಯ. ಫೈಲಿನ ಹೆಸರಿನ ಕೊನೆಯ ಜೆಪಿಜಿ ದೊಡ್ಡಕ್ಷರದಲ್ಲಿತ್ತು, ನಾನು ಕೋಡಿನಲ್ಲಿ ಸಣ್ಣಕ್ಷರ ಬರೆದಿದ್ದೆ. ವಿಂಡೋಸ್ ಇಂಥದ್ದನ್ನು ನೋಡಿಯೂ ಸುಮ್ಮನಿರುತ್ತದೆ, ಸರ್ವರ್ ಸುಮ್ಮನಿರಲ್ಲ.

ದಿನವಿಡೀ ಕ್ಲಾಸು, ಆಮೇಲೆ ಅಸೈನ್‌ಮೆಂಟು. ಸೈಟಿಗೆ ಸಿಗುತ್ತಿದ್ದದ್ದು ರಾತ್ರಿ ಮುಕ್ಕಾಲು ಗಂಟೆ. ಮೊದಲ ರಾತ್ರಿ ಮೂರು ಪಕ್ಷಗಳಿಗೆ 53, 33, 14 ಅಂತ ಓಟು ಹಾಕಿ ಬಟನ್ ಒತ್ತಿದೆ. ಒಟ್ಟು 100 ಬರಬೇಕಿದ್ದ ಕಡೆ 0533314 ಅಂತ ಬಂತು. ಎಲ್ಲರ ಶೇಕಡಾ ಪಾಲೂ ಸೊನ್ನೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಬಾಕ್ಸಿನಲ್ಲಿ ಟೈಪ್ ಮಾಡಿದ್ದನ್ನು ಪುಟದ ಲೆಕ್ಕ ಮಾಡುವ ಜಾವಾಸ್ಕ್ರಿಪ್ಟ್ ಭಾಷೆ ಅಕ್ಷರ ಅಂತಲೇ ಓದುತ್ತದೆ, ಪ್ಲಸ್ ಹಾಕಿದರೆ ಕೂಡಿಸುವ ಬದಲು ಪಕ್ಕಪಕ್ಕ ಅಂಟಿಸುತ್ತದೆ. ಮೊದಲು ಸಂಖ್ಯೆಗೆ ಬದಲಾಯಿಸಿಕೊಳ್ಳಬೇಕು. ಒಂದೇ ಪದದ ತಿದ್ದುಪಡಿ.

ಓಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುವ ಪದ್ಧತಿಗಳನ್ನೂ ಸೇರಿಸೋಣ ಅಂತ ಕೂತಾಗ ನಿಜವಾದ ಮಜಾ ಶುರುವಾಯಿತು. ಬೆಲ್ಜಿಯಂನ ಡಿಹಾಂಟ್ 1878ರಲ್ಲಿ ಹೇಳಿದ ದಾರಿಯಲ್ಲಿ ಪ್ರತಿ ಪಕ್ಷದ ಓಟನ್ನು 1, 2, 3 ಅಂತ ಭಾಗಿಸುತ್ತಾ ಹೋಗಿ, ಬಂದ ಉತ್ತರಗಳಲ್ಲಿ ದೊಡ್ಡವನ್ನು ಆರಿಸಿ ಸೀಟು ಕೊಡುತ್ತಾರೆ. ಸ್ಪೇನ್, ಪೋರ್ಚುಗಲ್‌ನಲ್ಲಿ ಇದೇ. ಫ್ರಾನ್ಸಿನ ಸ್ಯಾಂತ್-ಲಾಗ್ಯೂ 1910ರಲ್ಲಿ ಹೇಳಿದ್ದೂ ಹೀಗೇ, ಆದರೆ ಭಾಗಿಸುವುದು 1, 3, 5ರಿಂದ. ಇದು ನ್ಯೂಜಿಲೆಂಡ್, ಜರ್ಮನಿಯಲ್ಲಿದೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಏನು ಮಹಾ ಆಗುತ್ತೆ ಅಂದುಕೊಂಡಿದ್ದೆ. ಅದೇ 53, 33, 14 ಹಾಕಿ ಐದು ಸೀಟು ಕೇಳಿದೆ. ಡಿಹಾಂಟ್ ಲೆಕ್ಕದಲ್ಲಿ 3, 2, 0. ಇನ್ನೊಂದರಲ್ಲಿ 2, 2, 1. ಅಂದರೆ ಅರ್ಧಕ್ಕಿಂತ ಜಾಸ್ತಿ ಓಟು ಪಡೆದವರಿಗೆ ಒಂದು ಕಡೆ ಬಹುಮತ, ಇನ್ನೊಂದು ಕಡೆ ಇಲ್ಲ! ಕೋಡ್ ತಪ್ಪಿರಬೇಕು ಅಂತ ಕ್ಯಾಲ್ಕುಲೇಟರ್ ಹಿಡಿದು ಎರಡು ಸಲ ಮಾಡಿದೆ. ಸ್ಯಾಂತ್-ಲಾಗ್ಯೂ ಲೆಕ್ಕದಲ್ಲಿ ಕೊನೆಯ ಸೀಟಿಗೆ 10.6 (53 ಭಾಗಿಸು 5) ಮತ್ತು 11ರ (33 ಭಾಗಿಸು 3) ಪೈಪೋಟಿ, ಎರಡನೇ ಪಕ್ಷಕ್ಕೆ ಹೋಯಿತು.

ಮೊದಲು ನಾನು ನಿಜವಾದ ಪಕ್ಷಗಳ ಹೆಸರನ್ನೇ ಹಾಕಿದ್ದೆ. ಹುಡುಗರು ಬಂದು ಪಕ್ಷದ ಬಗ್ಗೆ ಕಿತ್ತಾಡಿದರೇ ಹೊರತು ಲೆಕ್ಕ ಯಾರೂ ನೋಡಲಿಲ್ಲ. ಕ, ಖ, ಗ ಅಂತ ಬದಲಾಯಿಸಿದೆ. ಆಮೇಲೆ ಎಲ್ಲರೂ ಅಂಕಿ ಹಾಕಿ ಆಡೋಕೆ ಶುರು ಮಾಡಿದರು, ಪ್ರತಿಯೊಬ್ಬನೂ ಮನಸ್ಸಿನಲ್ಲಿ ಯಾವ ಪಕ್ಷ ಇಟ್ಟುಕೊಂಡಿದ್ದಾನೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು ಬಿಡಿ.

ರೂಮ್‌ಮೇಟ್ ಮಾತ್ರ ಸುಲಭಕ್ಕೆ ಬಿಡುವವನಲ್ಲ. ಡಿಹಾಂಟ್ ಆರಿಸಿ 40, 20 ಅಂತ ಹಾಕಿ ಎರಡು ಸೀಟು ಕೇಳಿದ. ಎರಡೂ ಮೊದಲ ಪಕ್ಷಕ್ಕೇ ಹೋದವು. ಆಮೇಲೆ 20, 40 ಅಂತ ಸಾಲು ತಿರುಗಿಸಿದ. ಈಗ ಒಂದೊಂದು.

"ನಿನ್ನ ಪ್ರಜಾಪ್ರಭುತ್ವದಲ್ಲಿ ಮೊದಲು ಹೆಸರು ಬರೆಸಿದವನೇ ಗೆಲ್ಲೋದಾ?" ಅಂತ ನಕ್ಕ.

40ರ ಅರ್ಧವೂ 20, ಎರಡನೇ ಸೀಟಿಗೆ ಸಮ ಬಂದಿದೆ. ನನ್ನ ಕೋಡ್ ಸಮ ಬಂದಾಗ ಮೇಲಿನ ಸಾಲಿನವರಿಗೆ ಕೊಡುತ್ತಿತ್ತು, ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಸಮ ಬಂದರೆ ಚೀಟಿ ಎತ್ತುವ ನಿಯಮ ಎಷ್ಟೋ ಕಡೆ ಇದೆ, ಅದನ್ನೇ ಬರೆಯಬೇಕು. ಸೋಮವಾರದಿಂದ ಇಂಟರ್ನಲ್ಸ್ ಇರೋದರಿಂದ ಸದ್ಯಕ್ಕೆ ಪುಟದ ಕೆಳಗೆ 'ಸಮ ಬಂದರೆ ಈ ಲೆಕ್ಕ ನಂಬಬೇಡಿ' ಅಂತ ಒಂದು ಸಾಲು ಹಾಕಿಟ್ಟಿದ್ದೇನೆ.