ಬೀದರ್ ಚಳಿಗೆ ಪ್ರದರ್ಶನದ ಬದನೆ ಉಳಿದದ್ದು ಹೀಗೆ

ಫಲಪುಷ್ಪ ಪ್ರದರ್ಶನಕ್ಕೆಂದು ಬೆಳೆಸಿದ್ದ ಬದನೆ ಗಿಡಗಳ ಎಲೆಯಂಚು ಡಿಸೆಂಬರ್‌ನಲ್ಲಿ ಕಂದಿ ಮುದುರಿತು, ಹೂವು ತೊಟ್ಟಿನ ಸಮೇತ ಉದುರತೊಡಗಿತು. ರೋಗವೆಂದು ಔಷಧ ಕೊಡಲು ಅಂಗಡಿಯವರು ಸಿದ್ಧರಿದ್ದರು. ಅವರು ಯಾವಾಗ ಸಿದ್ಧರಿರುವುದಿಲ್ಲ? ಆದರೆ ಪಕ್ಕದ ಮಡಿಯ ಹೂಕೋಸು ನಳನಳಿಸುತ್ತಿತ್ತು. ಅದು ಚಳಿ ತಾಳುವ ಬೆಳೆ, ಬದನೆ ತಾಳದು. ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ನಮ್ಮ ರಾತ್ರಿಗಳದೇ ಕೆಲಸ ಎಂಬುದು ಸ್ಪಷ್ಟವಾಯಿತು.

ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲದ ಕಾವು ಬೇಗ ಆರಿಹೋಗುತ್ತದೆ. ಹಾಗಾಗಿ ಬಿಸಿಲಿರುವಾಗಲೇ ಮಡಿಗೆ ನೀರು ಬಿಟ್ಟೆ. ಒದ್ದೆ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಡುತ್ತದೆ. ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಗ್ಗಿಸಿ ನೆಟ್ಟು, ಹೊತ್ತು ಮುಳುಗುವ ಮೊದಲೇ ಹಳೆಯ ಹತ್ತಿ ಸೀರೆ ಹೊದಿಸಿ, ಅಂಚನ್ನು ನೆಲಕ್ಕೆ ತಾಗಿಸಿ ಕಲ್ಲು ಹೇರಿದೆ. “ನನಗಿಂತ ಬದನೆಗೇ ಸೀರೆ ಹೆಚ್ಚಾಯಿತು” ಎಂದು ಅತ್ತಿಗೆ ನಕ್ಕರು. ಬಟ್ಟೆ ಎಲೆಗೆ ಅಂಟಬಾರದು, ಅಂಟಿದಲ್ಲಿ ಚಳಿ ತಟ್ಟುತ್ತದೆ. ಪ್ಲಾಸ್ಟಿಕ್ ಹಾಳೆಯಾದರಂತೂ ಒಳಗೆ ಹನಿಗಟ್ಟಿ ಇನ್ನೂ ಕೆಡುಕು. ಬಿಸಿಲೇರಿದೊಡನೆ ಹೊದಿಕೆ ತೆಗೆಯಬೇಕು, ಇಲ್ಲವಾದರೆ ಹೂವಿಗೆ ಜೇನುನೊಣ ಬರುವುದಿಲ್ಲ.

ಜನವರಿಯಲ್ಲಿ ಮಿರುಗುವ ಕಾಯಿಗಳು ಸಿಕ್ಕವು. ಕಂದಿದ ಎಲೆಗಳನ್ನು ಮಾತ್ರ ಚಳಿ ಮುಗಿಯುವವರೆಗೆ ಕತ್ತರಿಸಲಿಲ್ಲ. ಒಳಗಿನ ಚಿಗುರಿಗೆ ಅವೂ ಒಂದು ಮರೆ.